ಎಂಟನೇ ನಂಬರ್ ಕಡ್ಡಿ, ಮೂರು ಸಾವಿರ ಕುಣಿಕೆ

ಪ್ರೀತಿಯ ಗೆಳೆಯಾ,

ನೀನು ಫೋನ್ ಇಟ್ಟ ಮೇಲೂ ಸುಮಾರು ಹೊತ್ತು ನಗ್ತಾ ಕೂತಿದ್ದೆ. "ಲೇ, ಆ ಕಡ್ಡಿ ಹಿಡಿಯೂ ಕೆಲಸ ನನಗ್ಯಾಕ ಹಚ್ಚತೀ? ನಮ್ಮಾಕಿಗೆ ಹೇಳತೀನಿ, ಒಂದ ದಿನದಾಗ ಮುಗಿಸಿ ಕೊಡತಾಳ" ಅಂದೆಯಲ್ಲ, ಅದಕ್ಕೇ ಈ ಪತ್ರ. ಫೋನಿನಲ್ಲಿ ನಿನ್ನ ಹತ್ತಿರ ವಾದ ಮಾಡಿ ಗೆದ್ದವರು ಯಾರೂ ಇಲ್ಲ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕೋ ಹಾಗಿಲ್ಲ.

ವೈನಿ ಮಾಡಿಕೊಡೋದು ಬೇಡ. ಅವರ ಕೈಕೆಲಸ ನಾನು ನೋಡಿದೀನಿ, ಅದರ ಮುಂದೆ ನಮ್ಮದೆಲ್ಲ ಏನೂ ಅಲ್ಲ. ಇಷ್ಟವಿದ್ದರೆ ಅವರು ತಮ್ಮ ಹೆಸರಲ್ಲಿ ಒಂದು ಮಾಡಲಿ, ಸಂತೋಷ. ನಮ್ಮ ಹಾಸ್ಟೆಲ್ಲಿನ ಗುಂಡನ ಹೊದಿಕೆಗೆ ಸೇರೋ ನಿನ್ನ ಉಲ್ಲನ್ ಚೌಕ ಮಾತ್ರ ನೀನೇ ಹೆಣೀಬೇಕು. ಯಾಕೆ ಅನ್ನೋದಕ್ಕೆ ಗುಂಡನ ವಿಷಯ ಸರಿಯಾಗಿ ಹೇಳಬೇಕು, ಫೋನಲ್ಲಿ ಅರ್ಧಂಬರ್ಧ ಹೇಳಿದ್ದೆ.

ಗುಂಡನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಒಂದೊಂದು ಸಲಕ್ಕೆ ನಾಲ್ಕು ಗಂಟೆ. ಎಸಿ ಹಾಕಿದ ರೂಮು. ಅದರ ಮೇಲೆ, ಮೈಯಿಂದ ಹೊರಗೆ ಬಂದ ರಕ್ತ ಆ ಕೊಳವೆಗಳಲ್ಲೆಲ್ಲ ಸುತ್ತಾಡಿ ವಾಪಸ್ ಒಳಗೆ ಹೋಗೋ ಹೊತ್ತಿಗೆ ಒಂಚೂರು ತಣ್ಣಗಾಗಿರುತ್ತೆ. ಮೊದಲ ಗಂಟೆ ಕಳೆಯೋದರೊಳಗೆ ನಡುಗೋಕೆ ಶುರು ಮಾಡ್ತಾನೆ. ಅಲ್ಲಿ ಕೊಡೋ ಹೊದಿಕೆ ತೆಳ್ಳಗೆ. ಮನೆಯಿಂದ ದೊಡ್ಡ ರಗ್ಗು ತಗೊಂಡು ಹೋದರೆ ನರ್ಸಮ್ಮ ಬೈತಾರೆ, ಯಾಕಂದರೆ ಎಡಗೈ ಮುಚ್ಚೋ ಹಾಗಿಲ್ಲ. ಸೂಜಿ ಚುಚ್ಚಿರೋ ಕೈ ಯಾವಾಗಲೂ ಅವರ ಕಣ್ಣಿಗೆ ಕಾಣ್ತಾ ಇರಬೇಕು, ಸೂಜಿ ಜಾರಿದರೆ ತಕ್ಷಣ ಗೊತ್ತಾಗಲಿ ಅಂತ. ಆ ಕೈಯಲ್ಲಿ ಎರಡು ರಕ್ತನಾಳ ಸೇರಿಸಿ ಫಿಸ್ಟುಲಾ ಮಾಡಿದಾರೆ. ಒಂದು ದಿನ "ಕೈ ಇಟ್ಟು ನೋಡೋ" ಅಂದ. ಇಟ್ಟೆ. ಒಳಗೆ ಗುಂಯ್ ಅಂತ ನಡುಗ್ತಾ ಇದೆ ಕಣೋ, ನಿನ್ನ ಅಂಗಡಿಯಲ್ಲಿ ವೈಂಡಿಂಗ್ ಮುಗಿಸಿ ಕರೆಂಟ್ ಕೊಟ್ಟ ಮೋಟಾರಿನ ಮೇಲೆ ಅಂಗೈ ಇಟ್ಟ ಹಾಗೇ. "ಇದು ನಿಂತರೆ ಕಷ್ಟ, ಓಡ್ತಾ ಇದ್ದರೆ ಸರಿ" ಅಂದ. ನಿನ್ನ ನೆನಪಾಗಿದ್ದು ಅವತ್ತೇ.

ಸಕ್ಕರೆ ಕಾಯಿಲೆ ಅವನ ಮೂತ್ರಪಿಂಡ ಹಾಳು ಮಾಡಿ ಸುಮ್ಮನಾಗಲಿಲ್ಲ, ಕಣ್ಣಿಗೂ ಬಂತು. ಎದುರಿಗೆ ನಿಂತವರು ಯಾರು ಅಂತ ದನಿ ಕೇಳಿ ಹೇಳ್ತಾನೆ. ಆ ನಾಲ್ಕು ಗಂಟೆ ಟಿವಿ ನೋಡೋಕೂ ಆಗಲ್ಲ, ಪೇಪರ್ ಓದೋಕೂ ಆಗಲ್ಲ. ಬಲಗೈ ಮಾತ್ರ ಸುಮ್ಮನಿರಲ್ಲ, ಹಾಸಿಗೆ ಬಟ್ಟೆಯ ಅಂಚು ಹಿಡಿದು ತೀಡ್ತಾ ಇರ್ತಾನೆ. ಅದನ್ನ ನೋಡಿ ನಮ್ಮವಳಿಗೆ ಹೊಳೆದಿದ್ದು ಇದು: ತೊಡೆಯಿಂದ ಪಾದದವರೆಗೆ ಬರೋ ಅಷ್ಟು ಒಂದು ಸಣ್ಣ ಹೊದಿಕೆ, ನಮ್ಮ ಹಾಸ್ಟೆಲ್ ಬ್ಯಾಚಿನವರೆಲ್ಲ ಒಂದೊಂದು ಚೌಕ ಹೆಣೆದು ಕೊಡೋದು, ಒಂದೊಂದನ್ನ ಮುಟ್ಟಿದರೂ ಬೆರಳಿಗೆ ಬೇರೆ ಬೇರೆ ಥರ ಇರೋದು. ಎಂಟಿಂಚು ಉದ್ದ, ಎಂಟಿಂಚು ಅಗಲ. ನಾಲ್ಕರ ಸಾಲು ಐದು, ಒಟ್ಟು ಇಪ್ಪತ್ತು. ಮೂವತ್ತೆರಡು ಇಂಚಿಗೆ ನಲವತ್ತು. ಎಡಗೈ ಆಚೆ ಇಟ್ಟುಕೊಂಡೇ ಹೊದೀಬಹುದು.

ಗುಂಡನಿಗೆ ಹೇಳಿದೆ. ಅವನ ಮಾತು ಎರಡೇ. ಒಂದು, ಹಸಿರು ಬೇಡ, ಆಸ್ಪತ್ರೆ ಪರದೆ ಬಣ್ಣ. (ಕಣ್ಣು ಮಂಜಾದರೂ ಹಟಕ್ಕೇನೂ ಕಮ್ಮಿಯಾಗಿಲ್ಲ.) ಎರಡು, ಯಾವುದು ಯಾರದು ಅಂತ ಹೇಳಬೇಡಿ, ನಾನೇ ಮುಟ್ಟಿ ಕಂಡುಹಿಡೀತೀನಿ. ಈಗ ಗೊತ್ತಾಯ್ತಾ ವೈನಿ ಯಾಕೆ ಮಾಡಬಾರದು ಅಂತ?

ಗಂಡಸರು ಹೆಣೆಯೋದು ಏನು ಚಂದ ಅಂತಲೂ ನೀನು ಫೋನಲ್ಲಿ ಅಂದೆ. ಪೆರು ದೇಶದಲ್ಲಿ ಟಿಟಿಕಾಕಾ ಸರೋವರದ ನಡುವೆ ತಾಕಿಲೆ ಅಂತ ಒಂದು ದ್ವೀಪ ಇದೆ. ಅಲ್ಲಿ ಕಡ್ಡಿ ಹಿಡಿದು ಹೆಣೆಯೋರು ಗಂಡಸರು, ಚಿಕ್ಕ ಹುಡುಗರಿಂದ ಹಿಡಿದು. ತಮ್ಮ ಟೋಪಿ ತಾವೇ ಹೆಣೆದುಕೊಳ್ತಾರೆ. ಹೆಂಗಸರು ನೇಯ್ತಾರೆ. ಯುನೆಸ್ಕೋದವರು 2005ರಲ್ಲಿ ಆ ಊರಿನ ಬಟ್ಟೆ ಕಲೆಯನ್ನ ಮನುಕುಲದ ಪರಂಪರೆ ಅಂತ ಸಾರಿದಾರೆ. ಅಷ್ಟು ದೂರ ಯಾಕೆ, ನಿಮ್ಮ ಕಡೆ ಕಂಬಳಿ ಮನೆಗಳಲ್ಲಿ ಹೆಂಗಸರು ಉಣ್ಣೆ ನೂಲ್ತಾರೆ, ಮಗ್ಗದ ಮುಂದೆ ಕೂರೋರು ಯಾರು? ಆ ಕಂಬಳಿ ಹೊದ್ದು ನೀನು ಯಾವತ್ತಾದರೂ ನಾಚಿಕೆ ಪಟ್ಟಿದ್ದೀಯಾ?

ನಾನೇನು ಹುಟ್ಟಾ ಕಲಿತವನಲ್ಲ. ಎರಡು ತಿಂಗಳ ಹಿಂದೆ ಶುರು ಮಾಡಿದ್ದು. ಚಿಕ್ಕಂದಿನಲ್ಲಿ ನಮ್ಮ ಅತ್ತೆ ಜಗಲಿ ಬಿಸಿಲಲ್ಲಿ ಕೂತು ಹೆಣೀತಾ ಇದ್ದಿದ್ದು ನೆನಪಿದೆ, ಕಣ್ಣು ಬೀದಿ ಮೇಲೆ, ಬಾಯಿ ಪಕ್ಕದ ಮನೆಯವರ ಜೊತೆ, ಬೆರಳು ಮಾತ್ರ ತಮ್ಮ ಪಾಡಿಗೆ. ಉಲ್ಲನ್ ಉಂಡೆ ಉರುಳಿ ಹೋದರೆ ಎತ್ತಿಕೊಡೋದು ನನ್ನ ಕೆಲಸ. ಅಷ್ಟೇ ನನ್ನ ಅನುಭವ. ಹಾಗಾಗಿ ಮೊದಲನೇ ಚೌಕದಲ್ಲೇ ಎಡವಿದೆ. ಅದನ್ನ ನಿನಗೆ ವಿವರವಾಗಿ ಹೇಳಲೇಬೇಕು, ಯಾಕಂದರೆ ಅದು ಪೂರ್ತಿ ನಿನ್ನ ಕಸುಬಿಗೆ ಸೇರಿದ ತಪ್ಪು.

ಇಂಟರ್ನೆಟ್ಟಿನಲ್ಲಿ ಒಂದು ಅಮೆರಿಕದ ಲೆಕ್ಕ ಸಿಕ್ಕಿತು. ಎಂಟನೇ ನಂಬರ್ ಕಡ್ಡಿ ತಗೋ, ಮೂವತ್ತೈದು ಕುಣಿಕೆ ಹಾಕು, ಎಂಟಿಂಚು ಬರುತ್ತೆ ಅಂತ. ಅಂಗಡಿಗೆ ಹೋಗಿ "ಎಂಟನೇ ನಂಬರ್ ಕೊಡಿ" ಅಂದೆ, ಕೊಟ್ಟರು. ಹನ್ನೆರಡು ದಿನ ಹೆಣೆದೆ. ಹೆಮ್ಮೆಯಿಂದ ಸ್ಕೇಲ್ ಇಟ್ಟು ನೋಡ್ತೀನಿ, ಆರೂಕಾಲು ಇಂಚು! ನಮ್ಮವಳು "ಗುಂಡಣ್ಣನಿಗೆ ಕರವಸ್ತ್ರ ಆಯ್ತು" ಅಂದಳು.

ಆಮೇಲೆ ಗೊತ್ತಾಯ್ತು. ನಮ್ಮಲ್ಲಿ ಕಡ್ಡಿಗೆ ಇನ್ನೂ ಹಳೇ ಬ್ರಿಟಿಷ್ ನಂಬರೇ ನಡೀತಾ ಇದೆ. ನಮ್ಮ ಎಂಟು ಅಂದರೆ ನಾಲ್ಕು ಮಿಲಿಮೀಟರ್. ಅಮೆರಿಕದ ಎಂಟು ಅಂದರೆ ಐದು ಮಿಲಿಮೀಟರ್. ಅವರಲ್ಲಿ ನಂಬರ್ ಏರಿದರೆ ಕಡ್ಡಿ ದಪ್ಪ ಆಗುತ್ತೆ, ನಮ್ಮಲ್ಲಿ ನಂಬರ್ ಏರಿದಷ್ಟೂ ತೆಳ್ಳಗೆ. ಹತ್ತನೇದು ಮೂರೂಕಾಲು ಮಿಲಿಮೀಟರ್, ಹನ್ನೆರಡನೇದು ಇನ್ನೂ ಸಣ್ಣ. ಈಗ ನಗ್ತಾ ಇದೀಯಾ ಅಲ್ವಾ? ತಂತಿಯ ಗೇಜ್ ಕಣೋ! ನೀನು ನಲವತ್ತು ವರ್ಷ ಅಂಗಡಿಯಲ್ಲಿ ಅಳೆದ ಅದೇ ಎಸ್‌ಡಬ್ಲ್ಯೂಜಿ, ತಂತಿಯ ದಪ್ಪ ಹೇಳೋ ಬ್ರಿಟಿಷ್ ನಂಬರ್. ಎಂಟನೇ ಗೇಜ್ ತಂತಿ ನಾಲ್ಕು ಮಿಲಿಮೀಟರಿಗೆ ಕೂದಲೆಳೆಯಷ್ಟು ಜಾಸ್ತಿ, ಎಂಟನೇ ನಂಬರ್ ಕಡ್ಡಿ ನಾಲ್ಕು. ಆ ತಂತಿ ಲೆಕ್ಕದಿಂದಲೇ ಕಡ್ಡಿ ನಂಬರ್ ಬಂದಿದ್ದು. ನಿನ್ನ ಹತ್ತಿರ ಕೇಳಿದ್ದರೆ ಹನ್ನೆರಡು ದಿನ ಉಳೀತಿತ್ತು.

ನೀನು ಇದಕ್ಕೆ ಆಗಿಬರಲ್ಲ ಅಂದರೆ ನಾನು ನಂಬದೇ ಇರೋದೂ ಇದಕ್ಕೇ. ಸುಟ್ಟುಹೋದ ಮೋಟಾರ್ ಬಿಚ್ಚಿ, ಹಳೇ ತಂತಿಯ ಸುತ್ತು ಎಣಿಸಿ, ಪುಸ್ತಕದಲ್ಲಿ ಬರೆದುಕೊಂಡು, ಹೊಸ ತಾಮ್ರದ ತಂತಿ ಅಷ್ಟೇ ಸುತ್ತು ಸುತ್ತಿ, ಸ್ಲಾಟಿಗೆ ಇಳಿಸೋವಾಗ ಎಲ್ಲೂ ಗೀರು ಬೀಳದ ಹಾಗೆ ಬೆರಳಲ್ಲೇ ಒತ್ತುತ್ತಿದ್ದವನು ನೀನು. ಎಣಿಕೆ ತಪ್ಪಿದರೆ ಪೂರ್ತಿ ಬಿಚ್ಚಿ ಹಾಕ್ತಿದ್ದೆ. ಅಂಥ ಕೈಗೆ ಉಲ್ಲನ್ ಎಷ್ಟರ ಮಟ್ಟಿನದು?

ಇನ್ನು ಕೆಲಸದ ವಿಷಯ. ಇದರ ಜೊತೆ ಒಂದು ಪಾರ್ಸೆಲ್ ಬರುತ್ತೆ. ಎಂಟನೇ ನಂಬರಿನ ಒಂದು ಜೊತೆ ಕಡ್ಡಿ, ಐವತ್ತು ಗ್ರಾಮಿನ ಒಂದು ಉಂಡೆ. ಬಣ್ಣ ಸಾಸಿವೆ ಹಳದಿ. ಅದು ಅಕ್ರಿಲಿಕ್ ದಾರ, ನಿಜವಾದ ಉಣ್ಣೆಯಲ್ಲ. ಉಣ್ಣೆಯೇ ತರೋಣ ಅಂತ ನನಗಿತ್ತು. ಆದರೆ ಆಸ್ಪತ್ರೆಗೆ ಹೋಗಿ ಬರೋ ಹೊದಿಕೆ ವಾರವಾರ ಮಷಿನ್ನಿಗೆ ಹಾಕಿ ಒಗೀಬೇಕು, ಉಣ್ಣೆಯನ್ನ ಹಾಗೆ ಬಿಸಿನೀರಲ್ಲಿ ತಿರುಗಿಸಿದರೆ ಮುದುರಿಕೊಂಡು ಗಟ್ಟಿ ಕಂಬಳಿ ತುಂಡಾಗುತ್ತೆ. ಒಂದು ಚೌಕಕ್ಕೆ ಸುಮಾರು ಇಪ್ಪತ್ತೈದು ಗ್ರಾಂ ಸಾಕು. ಉಳಿದಿದ್ದು ನಿನ್ನ ಬಿಚ್ಚಾಟಕ್ಕೆ.

ನಲವತ್ತಮೂರು ಕುಣಿಕೆ ಹಾಕು. ಬೆಸ ಸಂಖ್ಯೆ ಆಗಿರಲೇಬೇಕು, ಅದರಲ್ಲೇ ಗುಟ್ಟಿರೋದು. ಕುಣಿಕೆ ಹಾಕೋದನ್ನ ಮತ್ತೆ ಸೀದಾ, ಉಲ್ಟಾ ಎರಡನ್ನ ವೈನಿ ಹತ್ತಿರ ಒಂದು ಸಂಜೆ ಕಲಿ, ಅಷ್ಟಕ್ಕೆ ಅಡ್ಡಿಯಿಲ್ಲ. ಸೀದಾ ಹಾಕೋವಾಗ ದಾರ ಕಡ್ಡಿಯ ಹಿಂದೆ, ಉಲ್ಟಾ ಹಾಕೋವಾಗ ದಾರ ಮುಂದೆ. ನಿಜ ಹೇಳಬೇಕೆಂದರೆ ಎರಡೂ ಒಂದೇ ಕುಣಿಕೆ, ಒಂದರ ಬೆನ್ನು ಇನ್ನೊಂದರ ಮುಖ. ನಿನ್ನ ಚೌಕಕ್ಕೆ ಲೆಕ್ಕ ಇಷ್ಟೇ: ಒಂದು ಸೀದಾ, ಒಂದು ಉಲ್ಟಾ, ಒಂದು ಸೀದಾ, ಒಂದು ಉಲ್ಟಾ, ಕೊನೆಯದು ಸೀದಾ. ತಿರುಗಿಸು. ಮತ್ತೆ ಸೀದಾದಿಂದಲೇ ಶುರು. ಎಲ್ಲಾ ಸಾಲೂ ಹೀಗೇ. ನಮ್ಮ ಅತ್ತೆ ಇದಕ್ಕೆ ಸಬ್ಬಕ್ಕಿ ಡಿಸೈನ್ ಅನ್ನೋರು. ಮುಗಿದ ಮೇಲೆ ಕಣ್ಣು ಮುಚ್ಚಿ ಸವರಿದರೆ ಗೊತ್ತಾಗುತ್ತೆ ಯಾಕೆ ಅಂತ, ಹರಡಿದ ಸಬ್ಬಕ್ಕಿ ಮೇಲೆ ಅಂಗೈ ಆಡಿಸಿದ ಹಾಗೇ.

ನಾಲ್ಕೈದು ಸಾಲು ಆದ ಮೇಲೆ ಎಣಿಸೋದು ಬಿಡು, ಕುಣಿಕೆ ಓದೋದು ಕಲಿ. ಎಡಗಡ್ಡಿಯ ಮೇಲಿನ ಕುಣಿಕೆಯ ಕೊರಳು ನೋಡು. ಅಡ್ಡಕ್ಕೆ ಒಂದು ಸಣ್ಣ ಗಂಟು ಕೂತಿದ್ದರೆ ಅದು ಉಲ್ಟಾ ಮುಖ. ಜಡೆಯ ಕಾಲುಗಳ ಹಾಗೆ ಎರಡು ಎಳೆ ಕೆಳಗೆ ಕೂಡಿದ್ದರೆ ಅದು ಸೀದಾ ಮುಖ. ಗಂಟು ಕಂಡರೆ ಸೀದಾ ಹಾಕು, ಜಡೆ ಕಂಡರೆ ಉಲ್ಟಾ ಹಾಕು. ಇದು ತಲೆಗೆ ಹತ್ತಿದ ದಿನ ನನಗೆ ಆದ ಖುಷಿ ಎಷ್ಟೋ! ಕರೆಂಟ್ ಹೋದರೂ ಪರವಾಗಿಲ್ಲ, ಹೆಬ್ಬೆರಳಲ್ಲಿ ಮುಟ್ಟಿ ಮುಂದುವರಿಸ್ತೀನಿ.

ಒಂದು ಕಡೆ ಎಲ್ಲರೂ ಬೀಳ್ತಾರೆ, ನಾನೂ ಬಿದ್ದೆ. ಸೀದಾದಿಂದ ಉಲ್ಟಾಕ್ಕೆ ಹೋಗೋವಾಗ ದಾರವನ್ನ ಎರಡು ಕಡ್ಡಿಯ ನಡುವಿನಿಂದ ಮುಂದೆ ತರಬೇಕು. ಅವಸರದಲ್ಲಿ ಕಡ್ಡಿಯ ಮೇಲಿಂದ ತಂದರೆ ಅಲ್ಲೊಂದು ಸುಳ್ಳು ಕುಣಿಕೆ ಹುಟ್ಟಿಕೊಳ್ಳುತ್ತೆ. ನನ್ನ ಎರಡನೇ ಚೌಕದಲ್ಲಿ ನಲವತ್ತಮೂರು ಹೋಗಿ ನಲವತ್ತೊಂಬತ್ತು ಆಗಿತ್ತು. ಕೆಳಗೆ ಸಣ್ಣಗೆ, ಮೇಲೆ ಅಗಲವಾಗಿ, ಒಳ್ಳೇ ಮೊರದ ಹಾಗೆ. ಹತ್ತು ಸಾಲಿಗೊಂದು ಸಲ ಎಣಿಸಿಬಿಡು. ಎರಡು ಸೀದಾ ಅಕ್ಕಪಕ್ಕ ಬಂದುಬಿಟ್ಟರೆ ಹಲ್ಲಿನ ಸಂದಿಯ ಹಾಗೆ ಎದ್ದು ಕಾಣುತ್ತೆ. ನನಗೆ ಒಂಬತ್ತನೇ ಸಾಲಿನಲ್ಲಿ ಬಂದಿತ್ತು, ಕಂಡಿದ್ದು ಇಪ್ಪತ್ತಮೂರನೇ ಸಾಲಿನಲ್ಲಿ. "ಇರಲಿ ಬಿಡೇ, ಕೈಕೆಲಸ ಅಂದರೆ ತಪ್ಪು ಇರಬೇಕು, ಅದೇ ಚಂದ" ಅಂತ ಭಾಷಣ ಬಿಗಿದೆ. ನಮ್ಮವಳು "ಬಿಚ್ಚಿ" ಅಂದಳು. ಬಿಚ್ಚಿದೆ. ಈಗ ಅನ್ನಿಸುತ್ತೆ, ಅವಳು ಹೇಳಿದ್ದೇ ಸರಿ. ಗುಂಡನ ಬೆರಳು ಅಲ್ಲೇ ಹೋಗಿ ನಿಲ್ಲೋದು.

ಸಾಲು ಎಷ್ಟು ಅಂತ ಕೇಳಬೇಡ. ಎಪ್ಪತ್ತು, ಎಪ್ಪತ್ತೈದರ ಆಸುಪಾಸು ಆಗಬಹುದು, ನಿನ್ನ ಕೈ ಬಿಗಿಯೋ ಸಡಿಲವೋ ಅದರ ಮೇಲೆ. ಒಂದು ಮೂಲೆ ಎತ್ತಿ ಎದುರು ಅಂಚಿಗೆ ಮಡಿಚು. ತ್ರಿಕೋನ ಸರಿಯಾಗಿ ಕೂತರೆ ಚೌಕ ಆಯ್ತು. ಲೆಕ್ಕ ಹಾಕಿದರೆ ಒಂದು ಚೌಕಕ್ಕೆ ಮೂರು ಸಾವಿರ ಕುಣಿಕೆ. ದಿನಕ್ಕೆ ಹತ್ತು ಸಾಲು ಅಂದರೆ ವಾರದ ಕೆಲಸ.

ಅಂಚು ಸುರುಳಿ ಸುತ್ತುತ್ತೆ ಅಂತ ಹೆದರಬೇಡ. ಒಂದು ಸಾಲು ಪೂರ್ತಿ ಸೀದಾ, ಮುಂದಿನದು ಪೂರ್ತಿ ಉಲ್ಟಾ ಹಾಕ್ತಾ ಹೋದರೆ ಬಟ್ಟೆ ಹಪ್ಪಳದ ಹಾಗೆ ಸುತ್ತಿಕೊಳ್ಳುತ್ತೆ, ಗಂಟೆಲ್ಲ ಒಂದೇ ಕಡೆ ಬಿದ್ದು ಎಳೆಯೋದರಿಂದ. ಸಬ್ಬಕ್ಕಿಯಲ್ಲಿ ಎರಡೂ ಕಡೆ ಗಂಟು ಸಮ, ಹಾಗಾಗಿ ತೆಪ್ಪಗೆ ಮಲಗಿರುತ್ತೆ. ಹೊಸಬರಿಗೆ ಇದನ್ನೇ ಕೊಡೋದು ಅದಕ್ಕೇ. ಐದು ಸೀದಾ ಐದು ಉಲ್ಟಾ ಹಾಕಿ, ಕೆಲವು ಸಾಲು ಆದ ಮೇಲೆ ಅದಲುಬದಲು ಮಾಡಿದರೆ ಬುಟ್ಟಿ ಹೆಣಿಗೆ ಬರುತ್ತೆ, ಅದು ಬೇರೆಯವರ ಪಾಲಿಗೆ ಹೋಗಿದೆ. ನಾನು ಗೆರೆಗೆರೆ ತಗೊಂಡೆ.

ಮುಗಿಸಿದ ಮೇಲೆ ಇಸ್ತ್ರಿ ಮಾತ್ರ ಹಾಕಬೇಡ, ಕೈ ಮುಗೀತೀನಿ. ನಮ್ಮ ಬ್ಯಾಚಿನ ಒಬ್ಬ ಮಹಾನುಭಾವ, ಹೆಸರು ಬೇಡ, ಅಂಚು ನೆಟ್ಟಗಾಗಲಿ ಅಂತ ಬಿಸಿ ಇಸ್ತ್ರಿ ಒತ್ತಿಬಿಟ್ಟ. ಅಕ್ರಿಲಿಕ್ ಅಂದರೆ ಪ್ಲಾಸ್ಟಿಕ್ಕಿನ ಬಳಗ ತಾನೇ, ಉಬ್ಬೆಲ್ಲ ಸತ್ತು ಹೋಗಿ, ಮಿರಮಿರ ಮಿಂಚೋ ದೋಸೆ ಥರ ಆಯ್ತು. ಮತ್ತೆ ಹೆಣೀತಾ ಇದಾನೆ. ಒದ್ದೆ ಮಾಡಿ, ಟವೆಲ್ ಮೇಲೆ ಹರಡಿ, ಕೈಯಲ್ಲಿ ಎಳೆದು ಸರಿ ಮಾಡಿ ಒಣಗಲು ಬಿಡು, ಸಾಕು. ಕೊನೆಯಲ್ಲಿ ದಾರ ಕತ್ತರಿಸೋವಾಗ ಒಂದು ಅಡಿ ಬಾಲ ಬಿಡು, ಜೋಡಿಸೋಕೆ ಬೇಕು.

ಜೋಡಿಸೋದು ನಮ್ಮವಳ ಕೆಲಸ, ನನ್ನ ಪ್ರಕಾರ ಇಡೀ ಹೊದಿಕೆಯಲ್ಲಿ ಕಷ್ಟದ ಕೆಲಸ ಅದೇ. ಇಲ್ಲೀವರೆಗೆ ಹನ್ನೊಂದು ಬಂದಿವೆ. ಎಲ್ಲರಿಗೂ ಕಳಿಸಿದ್ದು ಒಂದೇ ಕಡ್ಡಿ, ಒಂದೇ ದಾರ, ಅಷ್ಟಷ್ಟೇ ಕುಣಿಕೆ. ಏಳೂವರೆಯಿಂದ ಎಂಟೂಮುಕ್ಕಾಲರವರೆಗೆ ಬಂದಿದೆ! ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವನದು ಎಷ್ಟು ಬಿಗಿ ಅಂದರೆ ಸೂಜಿ ಇಳಿಯಲ್ಲ. ಯಾರಿಗೂ ಕೈ ಬಿಚ್ಚಿ ಕಾಫಿ ಕೊಡಿಸದವನದು ಬೇರೆ ಹೇಗಿರುತ್ತೆ ಹೇಳು. ಕಾಲಿಂಚು ಹೆಚ್ಚುಕಮ್ಮಿ ಇದ್ದರೆ ಅವಳು ಹೊಲಿಗೆಯಲ್ಲೇ ನುಂಗಿಬಿಡ್ತಾಳೆ. ಅರ್ಧ ಇಂಚು ಕಮ್ಮಿ ಇದ್ದರೆ ಸುತ್ತ ಒಂದು ಪಟ್ಟಿ ಸೇರಿಸ್ತಾಳೆ. ರಾತ್ರಿ ಊಟ ಆದ ಮೇಲೆ ಹನ್ನೊಂದನ್ನೂ ನೆಲದ ಮೇಲೆ ಹಾಸಿ, ಅದಲುಬದಲು ಮಾಡ್ತಾ ಕೂರ್ತಾಳೆ, ಬಿಗಿಯಾದದ್ದರ ಪಕ್ಕ ಸಡಿಲವಾದದ್ದು ಬರೋ ಹಾಗೆ.

ಅವಳೇ ಹೇಳಿದ್ದು, 2016ರ ಜನವರಿಯಲ್ಲಿ ಚೆನ್ನೈನಲ್ಲಿ ಹೀಗೇ ತುಂಡು ತುಂಡು ಸೇರಿಸಿ ಗಿನ್ನೆಸ್ ದಾಖಲೆ ಮಾಡಿದರಂತೆ. ಮದರ್ ಇಂಡಿಯಾಸ್ ಕ್ರೋಷೆ ಕ್ವೀನ್ಸ್ ಅಂತ ಗುಂಪು. ಅದು ಕ್ರೋಷಾ ಹೆಣಿಗೆ, ಒಂದೇ ಕೊಕ್ಕೆಯಲ್ಲಿ ಮಾಡೋದು. ಹನ್ನೊಂದು ಸಾವಿರ ಚದರ ಮೀಟರಿಗೂ ಮೇಲೆ, ಅಂದರೆ ಒಂದೂವರೆ ಫುಟ್‌ಬಾಲ್ ಮೈದಾನ. ಅದಕ್ಕೂ ಹಿಂದೆ ದಕ್ಷಿಣ ಆಫ್ರಿಕಾದಲ್ಲಿ ಮಂಡೇಲಾ ಹೆಸರಲ್ಲಿ, ಅವರು ಜನಸೇವೆಯಲ್ಲಿ ಕಳೆದ 67 ವರ್ಷದ ಲೆಕ್ಕಕ್ಕೆ 67 ಹೊದಿಕೆ ಅಂತ ಶುರುವಾಗಿದ್ದು ದೊಡ್ಡ ಚಳವಳಿಯೇ ಆಯ್ತು. ನನಗೆ ದಾಖಲೆ ಗೀಖಲೆ ಅಷ್ಟೇನೂ ಹತ್ತಲ್ಲ. ಅಷ್ಟೊಂದು ಜನರ ಅಷ್ಟೊಂದು ಥರದ ಅಂಚನ್ನ ಒಂದಕ್ಕೊಂದು ಹೊಂದಿಸಿದವರ ಬೆರಳು ಎಷ್ಟು ನೊಂದಿರಬೇಕು ಅಂತ ಮಾತ್ರ ಈಗ ಅನ್ನಿಸುತ್ತೆ.

ನಿನಗೆ ಇದೇನು ಹೊಸದಾ ಹೇಳು. ಹಾಸ್ಟೆಲ್ಲಿಗೆ ನೀನು ತಂದಿದ್ದ ಕೌದಿ ನೆನಪಿದೆಯಾ? ನಿಮ್ಮಜ್ಜಿ ಹೊಲಿದಿದ್ದು. ಮನೆಯವರೆಲ್ಲರ ಹಳೇ ಸೀರೆ, ಧೋತರ, ನಿನ್ನ ಚಿಕ್ಕಂದಿನ ಅಂಗಿ ಎಲ್ಲ ಅದರೊಳಗಿತ್ತು. ಒತ್ತೊತ್ತಾಗಿ ದಾರ ಓಡಿಸಿದ ಗೆರೆ, ಉಗುರಲ್ಲಿ ಗೀರಿದರೆ ಗರಗರ ಅನ್ನೋದು. ನಿಮ್ಮ ಧಾರವಾಡದಿಂದ ಹಳಿಯಾಳ, ಯಲ್ಲಾಪುರದ ಕಡೆ ಇಳಿದರೆ ಸಿದ್ದಿ ಹೆಂಗಸರು ಹೊಲಿಯೋ ಕವಂದಿ ಸಿಗುತ್ತೆ. ಅವರು ಅಂಚಿನಿಂದ ಹಿಡಿದು ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರ್ತಾರಂತೆ, ಮೂಲೆಗೆ ಮಡಿಚಿದ ಬಟ್ಟೆಯ ಫೂಲ್, ಅಂದರೆ ಹೂವು, ಇಲ್ಲದಿದ್ದರೆ ಕವಂದಿ ಬತ್ತಲೆ ಅಂತಾರಂತೆ. ನಿನ್ನ ಕೌದಿಗೆ ಅಂಥದ್ದೇನೂ ಇರಲಿಲ್ಲ, ಒಂದು ಮೂಲೆಯಲ್ಲಿ ಗುಂಡ ಬೀಡಿ ಕಿಡಿ ಬೀಳಿಸಿ ಮಾಡಿದ ತೂತು ಇತ್ತು. ಡಿಸೆಂಬರಿನಲ್ಲಿ ನೀನು ನಿದ್ದೆ ಹೋಗೋದನ್ನೇ ಕಾಯ್ತಿದ್ದ, ಮೆತ್ತಗೆ ಎಳೆದುಕೊಳ್ಳೋಕೆ. ಬೆಳಗ್ಗೆ ಎದ್ದರೆ ನೀನು ಚಾಪೆ ಸುತ್ತಿಕೊಂಡು ಮಲಗಿರ್ತಿದ್ದೆ.

ಮೊನ್ನೆ ಶನಿವಾರ ನನ್ನ ಚೌಕ, ಕ್ಯಾಷಿಯರಿನದು, ಎರಡನ್ನೂ ಜೇಬಲ್ಲಿ ಇಟ್ಟುಕೊಂಡು ಹೋಗಿದ್ದೆ. ಅವನ ಬಲಗೈಗೆ ಕೊಟ್ಟೆ. ಕ್ಯಾಷಿಯರಿನದನ್ನ ಎರಡು ಬೆರಳಲ್ಲಿ ಎಳೆದು ನೋಡಿ, ಬಗ್ಗದೇ ಇದ್ದಿದ್ದಕ್ಕೆ ಜೋರಾಗಿ ನಕ್ಕ, ಹೆಸರು ಹೇಳಿದ. ಪಕ್ಕದ ಮಂಚದವರು ತಿರುಗಿ ನೋಡಿದರು. ನನ್ನದನ್ನ ಸುಮಾರು ಹೊತ್ತು ಸವರಿ, ನಿನ್ನ ಹೆಸರು ಹೇಳಿದ. ಗೆರೆ ಗೆರೆಯಾಗಿ ಇದೆಯಲ್ಲ, ಆ ಕೌದಿ ನೆನಪಾಗಿರಬೇಕು. ನಾನು ಸುಮ್ಮನಿದ್ದೆ, ತಪ್ಪು ಅಂತ ಹೇಳಲಿಲ್ಲ.

ಹಾಗಾಗಿ ಈ ತಿಂಗಳ ಕೊನೆಯೊಳಗೆ ನಿನ್ನದು ಬಂದರೆ ಒಳ್ಳೇದು. ಕೊರಿಯರ್‌ನಲ್ಲಿ ಮಡಿಚಿಯೇ ಕಳಿಸು, ಮುದ್ದೆಯಾದರೂ ಪರವಾಗಿಲ್ಲ. ಏನಾದರೂ ಸಿಕ್ಕಿಹಾಕಿಕೊಂಡರೆ ಫೋನ್ ಮಾಡು, ವಿಡಿಯೋ ಹಾಕು, ನೋಡಿ ಹೇಳ್ತೀನಿ. ಮಂಗಳವಾರ, ಗುರುವಾರ, ಶನಿವಾರ ಮಧ್ಯಾಹ್ನ ಮಾತ್ರ ಬೇಡ, ಅವನ ಪಕ್ಕದಲ್ಲಿ ಕೂತಿರ್ತೀನಿ, ನಿನ್ನ ದನಿ ಕೇಳಿದರೆ ಫೋನ್ ಕಿತ್ತುಕೊಂಡು ಎಲ್ಲ ಬಾಯಿಬಿಡಿಸ್ತಾನೆ.

ವೈನಿಗೆ ನಮಸ್ಕಾರ ಹೇಳು. ನೂಲೆಳೆಯಷ್ಟೂ ಸಹಾಯ ಮಾಡಬಾರದು ಅಂತಲೂ ಹೇಳು.

ಇಂತಿ ನಿನ್ನ,
ಗೆರೆಗೆರೆ ಚೌಕದವನು

ಮೈಸೂರು